ಮಕ್ಕಳ ಅಳತೆಯ ಬೈಸಿಕಲ್ಲು

ಹುಣಸೂರು ಬಹುಕಾಲದಿಂದ ಗಾಡಿ ಕಟ್ಟುವವರ ಊರು. ಅಮೃತಮಹಲಿನ ದನಗಳ ಠಾಣ್ಯದ ಜೊತೆಗೆ ಸರ್ಕಾರದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರಮುಟ್ಟಿನ ಅಂಗಳ ಇವೆಲ್ಲ ಅಲ್ಲಿದ್ದುವು. ೧೮೬೪ರಲ್ಲಿ ಸರ್ಕಾರವು ಆ ಕಾರ್ಖಾನೆಗಳನ್ನು ಮುಚ್ಚಿತು. ಆದರೆ ಕೈಗೆ ಹತ್ತಿದ ವಿದ್ಯೆಯನ್ನು ಯಾರೂ ಮುಚ್ಚಲಾರರು. ಆಮೇಲೂ ಅಲ್ಲಿ ಗಾಡಿಗಳು ತಯಾರಾಗುತ್ತಲೇ ಇದ್ದುವು. ಮರದ ಚಕ್ರಕ್ಕೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರು ಹೊಯ್ದು ಬಿಗಿಮಾಡುವ ಕೆಲಸವನ್ನು ನೋಡಿದವರಿಗೆ, ಲೋಹವು ಕಾವಿಗೆ ಹೇಗೆ ಮಣಿಯುವುದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಈ ಸಲ ನಾವು ವಾಚಕರ ಮುಂದಿಡುವ ವಿಷಯವು ಅದೇ ಜಾತಿಯದು: ಚಿಕ್ಕ ಮಕ್ಕಳಿಗೆ ಒಪ್ಪುವ ಉಕ್ಕಿನ ಬೈಸಿಕಲ್ಲಿನ ಚೌಕಟ್ಟನ್ನು ಹೇಗೆ ಅಳೆದು, ಹೇಗೆ ಬೆಸೆಯುವರು ಎಂಬುದು.

ಇದು ಕೇವಲ ಕುತೂಹಲದ ಮಾತಲ್ಲ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ನಡುವಣ ಹಳ್ಳಿಯಾಗಲಿ, ಕೃಷ್ಣರಾಜನಗರದ ನಾಲೆಯ ಬಯಲಾಗಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯಾಗಲಿ, ಪ್ರೌಢಶಾಲೆಯು ಮನೆಯ ಬಾಗಿಲಲ್ಲೇ ಇರುವುದು ಅಪರೂಪ. ದೂರದ ದೆಸೆಯಿಂದಲೇ ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುವುದನ್ನು ಎಲ್ಲರೂ ಬಲ್ಲರು. ರಾಜ್ಯಸರ್ಕಾರವು ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ್ದು ಇದೇ ಕಾರಣದಿಂದ. ಆದರೆ ಬೈಸಿಕಲ್ಲು ಮನೆಗೆ ಬಂದರೆ ಸಾಲದು; ಅದು ಮಗುವಿನ ಕಾಲಿಗೆ ಎಟುಕಬೇಕು. ದೊಡ್ಡವರ ಕರಿಯ ಬೈಸಿಕಲ್ಲಿನ ದಂಡದ ಕೆಳಗೆ ಕಾಲು ತೂರಿಸಿ, ಸೊಂಟವನ್ನು ಓರೆಮಾಡಿಕೊಂಡು ತುಳಿಯುವ ಮಕ್ಕಳನ್ನು ನೋಡಿ ನಗುವವರುಂಟು. ಎದುರಿಗೆ ಲಾರಿ ಬಂದಾಗ ಅದೇ ಮಗುವು ನೆಲಕ್ಕೆ ಕಾಲೂರಲಾರದೆಂಬುದನ್ನು ನೆನೆದರೆ ನಗೆಯು ನಿಲ್ಲುವುದು.

ಹಾಗಾದರೆ ಅದೇ ಬೈಸಿಕಲ್ಲಿನ ದಂಡವನ್ನು ತಗ್ಗಿಸಿದರಾಯಿತಲ್ಲವೆ ಎಂದು ಕೇಳಬಹುದು. ಇಲ್ಲಿಯೇ ಇರುವುದು ತೊಡಕು. ಮುಂದಿನ ಚಕ್ರದ ಮೇಲೆ ಫೋರ್ಕು, ಫೋರ್ಕಿನ ಮೇಲೆ ಹ್ಯಾಂಡಲು ತಿರುಗುವ ತಲೆಕೊಳವೆ, ಆ ತಲೆಕೊಳವೆಗೆ ಮೇಲ್ದಂಡ. ಆದಕಾರಣ ಮುಂಭಾಗದ ಎತ್ತರವನ್ನು ನಿರ್ಣಯಿಸುವುದು ಚಕ್ರವೇ. ೨೮ ಅಂಗುಲದ ಚಕ್ರವೆಂದರೆ ಸುಮಾರು ೭೧ ಸೆಂಟಿಮೀಟರು. ಕಾಲಿನ ಒಳ ಅಳತೆ ೬೮ ಸೆಂಟಿಮೀಟರಿರುವ ಹುಡುಗಿಗೆ ಚಕ್ರವೊಂದೇ ಅವಳ ಕಾಲಿಗಿಂತ ಎತ್ತರವಾಯಿತು! ಹೆಂಗಸರ ಬೈಸಿಕಲ್ಲಿನಲ್ಲಿ ಮೇಲ್ದಂಡವನ್ನು ಹಿಂದಕ್ಕೆ ಇಳಿಸಿರುವುದುಂಟು. ಅದರಿಂದ ಹತ್ತಿ ಇಳಿಯುವುದು ಸುಲಭವಾದರೂ ಹ್ಯಾಂಡಲಿನ ಎತ್ತರ, ಸೀಟಿನಿಂದ ಅದಕ್ಕಿರುವ ದೂರ ಇವು ತಗ್ಗುವುದಿಲ್ಲ. ತ್ರಿಕೋಣವು ಕೆಡುವುದರಿಂದ ಚೌಕಟ್ಟಿನ ಗಡಸುತನವೂ ಸ್ವಲ್ಪ ಕುಗ್ಗುವುದು.

ಈಗ ೨೦ ಅಂಗುಲದ ಚಕ್ರವನ್ನು ತೆಗೆದುಕೊಳ್ಳೋಣ. ಅದರ ಎತ್ತರ ೫೧ ಸೆಂಟಿಮೀಟರು. ಫೋರ್ಕಿನ ಹೆಗಲಿಗೂ ಕೆಸರು ಬಿಡುವಿಗೂ ೩, ಗುಂಡುಗಳ ಬಟ್ಟಲಿಗೆ ೧½ ಸೇರಿಸಿದರೆ ತಲೆಕೊಳವೆಯ ಕೆಳತುದಿ ೫೫½ಕ್ಕೆ ಬಂದಿತು. ೧೦ ಸೆಂಟಿಮೀಟರಿನ ತಲೆಕೊಳವೆಯನ್ನು ಓರೆಯಾಗಿ ನಿಲ್ಲಿಸಿದರೆ ಮೇಲ್ತುದಿ ೬೫. ಅದಕ್ಕಿಂತ ೨½ ಕೆಳಗೆ ದಂಡದ ನಡುಗೆರೆಯನ್ನಿಟ್ಟರೆ, ದಂಡದ ಮೈ ಸುಮಾರು ೬೪ಕ್ಕೆ ನಿಲ್ಲುವುದು. ಮೇಲೆ ಹೇಳಿದ ಹುಡುಗಿಯು ಎರಡು ಕಾಲನ್ನೂ ನೆಲಕ್ಕೂರಿ ನಿಂತಾಗ ೪ ಸೆಂಟಿಮೀಟರು ಬಿಡುವು ಉಳಿಯಿತು. ಪೆಡಲಿನ ಅಚ್ಚನ್ನು ನೆಲದಿಂದ ೨೫ ಸೆಂಟಿಮೀಟರಿಗಿಟ್ಟು, ಸೀಟಿನ ಕೊಳವೆಯನ್ನು ೭೨ ಡಿಗ್ರಿ ಓರೆಮಾಡಿದರೆ, ಅಚ್ಚಿನಿಂದ ದಂಡದ ನಡುಗೆರೆಯವರೆಗೆ ಸೀಟಿನ ಕೊಳವೆಯು ೩೯½ ಸೆಂಟಿಮೀಟರಾಗುವುದು. ಚಿಕ್ಕ ಚಕ್ರದಿಂದ ಇನ್ನೊಂದು ಲಾಭವೂ ಉಂಟು: ತಿರುವಿನಲ್ಲಿ ಕಾಲಿನ ಬೆರಳು ಮುಂದಿನ ಚಕ್ರಕ್ಕೆ ತಗಲುವ ಭಯವಿಲ್ಲ. ಚಕ್ರವು ಒಂದು ಸುತ್ತಿಗೆ ಕಡಮೆ ದೂರ ಹೋಗುವುದು ನಿಜ. ಅದಕ್ಕೆ ಹಿಂದಿನ ಹಲ್ಲುಚಕ್ರವನ್ನು ೧೮ ಹಲ್ಲಿನಿಂದ ೧೬ಕ್ಕೆ ಇಳಿಸಿದರೆ ಸ್ವಲ್ಪಮಟ್ಟಿಗೆ ಮಾತ್ರ ಸರಿದೂಗುವುದು.

ಇನ್ನು ಕೊಳವೆಗಳ ಜೋಡಣೆ. ಜಾನ್ ಕೆಂಪ್ ಸ್ಟಾರ್ಲೆಯು ೧೮೮೫ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸಮಚಕ್ರದ ಬೈಸಿಕಲ್ಲನ್ನು ತಂದ ಮೇಲೆ, ಉಕ್ಕಿನ ಕೊಳವೆಗಳ ಚೌಕಟ್ಟು ಕ್ರಮವಾಗಿ ಇಂದಿನ ರೂಪಕ್ಕೆ ಬಂದಿತು. ೧೮೯೭ರಲ್ಲಿ ರೇನಾಲ್ಡ್ಸ್ ಎಂಬ ಮೊಳೆ ತಯಾರಿಸುವ ಮನೆತನದವರು ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಕೊಳವೆಗೆ ಹಕ್ಕು ಪಡೆದರು. ಬಲವು ಬೇಕಾದದ್ದು ಜೋಡಣೆಯ ಬಳಿಯಲ್ಲಿ ಎಂಬುದೇ ಅದರ ತತ್ತ್ವ. ನಮ್ಮಲ್ಲಿ ೧೯೪೯ರಲ್ಲಿ ಮದರಾಸಿನ ಬಳಿಯ ಅಂಬತ್ತೂರಿನ ಟಿ.ಐ. ಸೈಕಲ್ಸ್ ಸ್ಥಾಪಿತವಾಯಿತು. ಹಳೆಯ ಕರಿಯ ಬೈಸಿಕಲ್ಲಿನ ಮೂಲೆಗಳಲ್ಲಿ ಕೊಳವೆಗೆ ತೊಡಿಸಿದ ಬಳೆಯಂತೆ ಕಾಣುವುದೇ ಲಗ್ಗು. ಕೊಳವೆಗಳು ಅದರ ಬಾಯಿಯೊಳಗೆ ಕೂರುವುವು. ಹಿತ್ತಾಳೆಯು ಕರಗಿ ನಡುವಣ ಸಂದನ್ನು ತುಂಬುವುದು.

ಲಗ್ಗಿನ ಬಾಯಿಯು ಯಾವ ಕೋನಕ್ಕೆ ತಯಾರಾಗಿದೆಯೋ ಕೊಳವೆಯು ಆ ಕೋನದಲ್ಲಿಯೇ ಕೂರಬೇಕು. ದೊಡ್ಡ ಬೈಸಿಕಲ್ಲಿನ ಕೆಳಗಣ ಲಗ್ಗನ್ನು ಚಿಕ್ಕದಕ್ಕೆ ತಂದರೆ ಅನೇಕ ವೇಳೆ ಒಗ್ಗದು. ಒಂದೆರಡು ಡಿಗ್ರಿಯನ್ನು ಬಾಗಿಸಿಕೊಳ್ಳಬಹುದು, ಅದಕ್ಕೆ ಮೀರಿದರೆ ಬೇರೆ ಲಗ್ಗೇ ಬೇಕು. ಆದಕಾರಣ ಮೊದಲು ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಚಿತ್ರ ಬರೆದು, ಕೋನಗಳನ್ನು ಅಳೆದ ಮೇಲೆಯೇ ಕೊಳವೆಗೆ ಗರಗಸವನ್ನಿಡತಕ್ಕದ್ದು. ಕೊಳವೆಯ ತುದಿಯನ್ನು ಅರದಿಂದ ಬಾಗಿಗೆರೆಯಾಗಿ ತಿದ್ದಿ, ಎದುರಿನ ಕೊಳವೆಯನ್ನು ಬೆಳಕು ತೂರದಂತೆ ತಬ್ಬಿಸಬೇಕು. ಲಗ್ಗು ಮುಚ್ಚಿಕೊಳ್ಳುವುದೆಂದು ಇಲ್ಲಿ ಸೋಮಾರಿತನ ಮಾಡಿದರೆ ಅದು ವರ್ಷಗಳ ಮೇಲೆ ಬಿರುಕಾಗಿ ಹೊರಬೀಳುವುದು.

ಬೆಸುಗೆಯ ಗುಟ್ಟು ಮೂರು: ಶುಚಿ, ಸಂದು, ಕಾವು. ತುಕ್ಕೂ ಎಣ್ಣೆಯೂ ಉಳಿಯದಂತೆ ಉಜ್ಜಿ, ಬಿಳಿಗಾರದ ಕಲಸನ್ನು ಬಳಿಯಬೇಕು. ಕಾದ ಉಕ್ಕಿಗೆ ಗಾಳಿ ತಗಲಿ ಕಿಟ್ಟ ಕಟ್ಟದಂತೆ ಅದು ಕಾಯುವುದು. ಸಂದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟಿದ್ದರೆ, ದೀಪದ ಬತ್ತಿಯು ಎಣ್ಣೆಯನ್ನು ಸೆಳೆಯುವಂತೆ ಅದು ಕರಗಿದ ಹಿತ್ತಾಳೆಯನ್ನು ತಾನೇ ಒಳಕ್ಕೆ ಸೆಳೆದುಕೊಳ್ಳುವುದು. ಉಕ್ಕು ಕರಗಲು ಸುಮಾರು ೧೫೦೦ ಡಿಗ್ರಿ ಬೇಕು, ಹಿತ್ತಾಳೆಗೆ ೯೦೦ರ ಸುಮಾರು ಸಾಕು. ಆದ್ದರಿಂದ ಕೊಳವೆ ಕರಗದೆಯೇ ಕೂಡಿಕೊಳ್ಳುವುದು. ಹಿತ್ತಾಳೆಯ ಕಡ್ಡಿಯನ್ನು ಜ್ವಾಲೆಗೆ ಹಿಡಿಯದೆ ಕಾದ ಉಕ್ಕಿಗೆ ಮುಟ್ಟಿಸಬೇಕು. ಉಕ್ಕೇ ಅದನ್ನು ಕರಗಿಸಬೇಕು. ಲಗ್ಗಿನ ಒಂದು ಅಂಚಿನಲ್ಲಿ ಕೊಟ್ಟ ಹಿತ್ತಾಳೆಯು ಇನ್ನೊಂದು ಅಂಚಿನಲ್ಲಿ ಹೊಂಬಣ್ಣದ ಗೆರೆಯಾಗಿ ಇಣುಕಿದರೆ ಒಳಗೆಲ್ಲ ತುಂಬಿತೆಂದು ತಿಳಿಯಬಹುದು. ಬಿಳಿಯ ಹೊಗೆ ಎದ್ದರೆ ಕಾವು ಮಿತಿಮೀರಿ ಸತುವು ಆವಿಯಾಗುತ್ತಿದೆಯೆಂದರ್ಥ; ಆ ಹೊಗೆ ಒಡಲಿಗೆ ಕೇಡು. ಬೆಳ್ಳಿ ಬೆಸುಗೆಗೆ ಇನ್ನೂ ಕಡಮೆ ಕಾವು ಸಾಕು. ಆದರೆ ಕ್ಯಾಡ್ಮಿಯಂ ಬೆರೆತ ಕಡ್ಡಿಯನ್ನು ಮುಟ್ಟಲೇಬಾರದು. ಎರಡೂ ಕಡೆ ಮುಚ್ಚಿದ ಕೊಳವೆಗೆ ಚಿಕ್ಕ ರಂಧ್ರವನ್ನು ಬಿಡುವುದು ಅವಶ್ಯ, ಇಲ್ಲವಾದರೆ ಕಾದ ಗಾಳಿಯು ಹಿತ್ತಾಳೆಯನ್ನು ಹೊರಕ್ಕೆ ನೂಕುವುದು. ಗಾಡಿಯ ಹಳಿಗೆ ಹೊಯ್ಯುವಂತೆ ಇದಕ್ಕೆ ನೀರು ಹೊಯ್ಯಬಾರದು. ತಾನಾಗಿ ಆರಿದ ಮೇಲೆ ಬಿಸಿನೀರಿನಲ್ಲಿ ಬಿಳಿಗಾರವನ್ನು ತೊಳೆಯಬೇಕು.

ಚೌಕಟ್ಟು ನೆಟ್ಟಗಿದೆಯೇ ಎಂದು ನೋಡಲು ಒಂದು ದಾರ ಸಾಕು. ಹಿಂದಿನ ಅಚ್ಚಿನ ಒಂದು ಕಿವಿಯಿಂದ ದಾರವನ್ನು ತಲೆಕೊಳವೆಯ ಸುತ್ತ ತಂದು ಇನ್ನೊಂದು ಕಿವಿಗೆ ಕಟ್ಟಿ, ಸೀಟಿನ ಕೊಳವೆಯಿಂದ ಎರಡು ಕಡೆಗೂ ಇರುವ ದೂರವನ್ನು ಅಳೆದರೆ, ಸಮವಾಗಿದ್ದುದೇ ಸರಿ. ಮನೆಯ ಬೈಸಿಕಲ್ಲಿಗೂ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು.

ಗೃಹಸ್ಥರಿಗೆ ಇನ್ನೊಂದು ಮಾತು. ಲಗ್ಗಿನ ಅಂಚಿನಲ್ಲಿ ಬಣ್ಣವು ಕೂದಲೆಳೆಯಂತೆ ಸೀಳಿದ್ದರೆ ಬಿರುಕಿನ ಸಂದೇಹಪಡಬೇಕು. ತೆಳುವಾದ ಕೊಳವೆಗೆ ವಿದ್ಯುತ್ತಿನ ಬೆಸುಗೆ ಹಾಕಿಸಿದರೆ ಅದು ತೂತುಬೀಳುವುದೇ ಹೆಚ್ಚು. ಲಗ್ಗಿನ ಚೌಕಟ್ಟಿನಲ್ಲಾದರೋ ಕಾಯಿಸಿ, ಕೆಟ್ಟ ಕೊಳವೆಯೊಂದನ್ನೇ ಬಿಡಿಸಿ ಬದಲಾಯಿಸಬಹುದು. ಫೋರ್ಕು ಬಿರಿದರೆ ಮಾತ್ರ ದುರಸ್ತಿಯ ಯೋಚನೆಯನ್ನೇ ಬಿಟ್ಟು ಹೊಸದನ್ನು ಹಾಕಿಸತಕ್ಕದ್ದು. ಅದು ಮುರಿದಾಗ ಮೊದಲು ನೆಲ ಕಾಣುವುದು ಮಗುವಿನ ಮುಖ.

ಮಕ್ಕಳಿಗೆ ಒಂದು ಅಂಗಿಯನ್ನು ಹೊಲಿಸುವಾಗಲೂ ದರ್ಜಿಯ ಮುಂದೆ ನಿಲ್ಲಿಸಿ ಅಳತೆ ಕೊಡುವ ನಾವು, ಬೈಸಿಕಲ್ಲನ್ನು ಮಾತ್ರ ‘ನಾಳೆ ಬೆಳೆಯುತ್ತಾರೆ’ ಎಂದು ದೊಡ್ಡದನ್ನೇ ಕೊಳ್ಳುವೆವು. ಅಂಗಿ ದೊಡ್ಡದಾದರೆ ತೋಳು ಮಡಿಸಬಹುದು, ಬೈಸಿಕಲ್ಲನ್ನು ಮಡಿಸಲಾಗದು. ಮುಂದಿನ ಸಲ ಅಂಗಡಿಗೆ ಹೋಗುವಾಗ ಮಗುವನ್ನೂ ಕರೆದೊಯ್ದು, ದಂಡದ ಮೇಲೆ ನಿಲ್ಲಿಸಿ, ಎರಡು ಪಾದಗಳೂ ನೆಲಕ್ಕೆ ತಾಗುವುವೇ ಎಂದು ನೋಡಿರಿ. ತಾಗದಿದ್ದರೆ ಎಷ್ಟು ಸುಲಭದ ಬೆಲೆಗೆ ಕೊಟ್ಟರೂ ಆ ಬೈಸಿಕಲ್ಲು ಆ ಮಗುವಿನದಲ್ಲ.