ಹಳೆಯ ಓಟದ ಕಾರು: ಕೊಳ್ಳುವ ಮುನ್ನ ಕೆಲವು ಮಾತು

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಹೊರಟ ರೈತನು ಮೊದಲು ಅದರ ಬಣ್ಣವನ್ನು ನೋಡುವುದಿಲ್ಲ. ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಮೇಲೆ ಕಣ್ಣಿಡುತ್ತಾನೆ. ಹಳೆಯ ಕ್ರೀಡಾ ಕಾರನ್ನು ಕೊಳ್ಳಹೊರಟ ತರುಣರಾದರೋ ಬಣ್ಣಕ್ಕೆ ಮರುಳಾಗಿ, ಅಶ್ವಶಕ್ತಿಯ ಅಂಕಿಗೆ ಮಾರುಹೋಗಿ, ಹಲ್ಲೆಣಿಸುವ ಕೆಲಸವನ್ನು ಹಣ ಕೊಟ್ಟ ಮೇಲೆ ಆರಂಭಿಸುತ್ತಾರೆ. ಈ ವಿಪರ್ಯಾಸವೇ ಈ ಲೇಖನಕ್ಕೆ ಪ್ರೇರಣೆ.

ಇಂಗ್ಲಿಷರು ‘ಟ್ರ್ಯಾಕ್ ಡೇ’ ಎಂದು ಕರೆಯುವುದು ಪಂದ್ಯವಲ್ಲ. ಅಲ್ಲಿ ಬಹುಮಾನವಿಲ್ಲ, ಸಾಮಾನ್ಯವಾಗಿ ಗಡಿಯಾರ ಹಿಡಿಯುವವರೂ ಇಲ್ಲ. ಶುಲ್ಕ ತೆತ್ತ ಹವ್ಯಾಸಿಯು ತನ್ನ ಸ್ವಂತ ವಾಹನವನ್ನು ಮುಚ್ಚಿದ ಪಥದಲ್ಲಿ ಮನಸಾರೆ ಓಡಿಸಿ, ಮುಂದಿನವನು ಅನುಮತಿಯಿತ್ತಾಗ ಮಾತ್ರ ಅವನನ್ನು ದಾಟಿ, ಸಂಜೆಗೆ ಮನೆಗೆ ಮರಳುವ ವಿನೋದವದು. ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಬರಿದಾಗಿ ಬಿದ್ದ ವಿಮಾನ ನಿಲ್ದಾಣಗಳೇ ಸಿಲ್ವರ್‌ಸ್ಟೋನ್, ಸ್ನೆಟರ್ಟನ್, ಥ್ರಕ್ಸ್‌ಟನ್ ಮೊದಲಾದ ಪಥಗಳಾದವು. ನಮ್ಮ ಮದರಾಸಿನ ಬಳಿಯ ಶೋಳಾವರದ ಕಥೆಯೂ ಇದೇ. ಯುದ್ಧಕಾಲದ ವಿಮಾನಪಟ್ಟಿಯ ಮೇಲೆಯೇ ಅಲ್ಲಿ ದಶಕಗಳ ಕಾಲ ಓಟಗಳು ನಡೆದವು. ೧೯೯೦ರಲ್ಲಿ ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿ ಸುಮಾರು ೩.೭ ಕಿಲೋಮೀಟರಿನ ಶಾಶ್ವತ ಪಥ ಸಿದ್ಧವಾಯಿತು. ಕೊಯಮತ್ತೂರಿನಲ್ಲಿ ಕರಿವರ್ಧನರ ಹೆಸರಿನ ಪಥವಿದೆ. ದೆಹಲಿಯ ಮಗ್ಗುಲಿನ ಗ್ರೇಟರ್ ನೋಯ್ಡಾದಲ್ಲಿ ೨೦೧೧ರಲ್ಲಿ ತೆರೆದ ಬುದ್ಧ ಪಥದ ಉದ್ದ ೫ ಕಿಲೋಮೀಟರಿಗೂ ಮಿಕ್ಕಿದ್ದು. ಹೀಗಾಗಿ ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗೆ ಈ ವಿನೋದವು ದೂರದ ಮಾತಾಗಿ ಉಳಿದಿಲ್ಲ.

ಎಂತಹ ಕಾರನ್ನು ಆರಿಸಬೇಕು? ಒಂದೇ ಮಾತಿನಲ್ಲಿ ಹೇಳುವುದಾದರೆ, ಹಗುರವಾದುದನ್ನು. ವಾಹನದ ಚಲನಶಕ್ತಿಯು ಅದರ ತೂಕದೊಡನೆ ಸಮವಾಗಿಯೂ ವೇಗದ ವರ್ಗದೊಡನೆಯೂ ಏರುತ್ತದೆ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಹೋಗುವ ಕಾರು ೧೨೦ಕ್ಕೆ ಏರಿದರೆ, ಅದನ್ನು ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಾಖ ನಾಲ್ಕು ಮಡಿ. ಪ್ರತಿ ತಿರುವಿನಲ್ಲಿಯೂ ಇದೇ ಶಾಖ, ಮತ್ತೆ ಮತ್ತೆ. ಭಾರವಾದ, ಬಲಿಷ್ಠವಾದ ಕಾರು ನೇರದಾರಿಯಲ್ಲಿ ಗಳಿಸಿದ ಕೀರ್ತಿಯನ್ನು ತಿರುವಿನಲ್ಲಿ ಕಳೆದುಕೊಳ್ಳುತ್ತದೆ. ಜೊತೆಗೆ ಟೈರು, ಬ್ರೇಕುಗಳ ವೆಚ್ಚದಲ್ಲಿ ಯಜಮಾನನ ಕಿಸೆಯನ್ನೂ ಬರಿದುಮಾಡುತ್ತದೆ.

ಇದಕ್ಕೆ ಉತ್ತಮ ನಿದರ್ಶನವೆಂದರೆ ೧೯೮೯ರಲ್ಲಿ ಜಪಾನಿನ ಮಾಜ್ದಾ ಕಂಪನಿಯು ಹೊರತಂದ ಎಂಎಕ್ಸ್-೫ ಎಂಬ ಎರಡು ಆಸನದ ತೆರೆದ ಕಾರು. ಎಂಜಿನು ೧.೬ ಲೀಟರಿನದು, ಶಕ್ತಿ ಸುಮಾರು ೧೧೫ ಅಶ್ವಶಕ್ತಿ, ತೂಕವಾದರೋ ಒಂದು ಟನ್ನಿಗೂ ಕಡಿಮೆ. ಅಂಕಿಗಳನ್ನು ನೋಡಿದವರಿಗೆ ಇದೇನು ಮಹಾ ಎನಿಸೀತು. ಆದರೆ ಎಂಜಿನು ಮುಂದೆ, ಎಳೆತ ಹಿಂದಿನ ಗಾಲಿಗೆ, ಭಾರ ಎರಡೂ ಕಡೆಗೆ ಬಹುಮಟ್ಟಿಗೆ ಸಮ. ತಪ್ಪು ಮಾಡಿದವನನ್ನು ಶಿಕ್ಷಿಸುವ ಮುನ್ನ ಎಚ್ಚರಿಸುವ ಸೌಜನ್ಯ ಅದಕ್ಕಿದೆ. ಇಂಗ್ಲೆಂಡು, ಅಮೆರಿಕಗಳ ಹವ್ಯಾಸಿಗಳು ಇಂದಿಗೂ ಅದನ್ನು ಅರಸುವುದು ಇದಕ್ಕಾಗಿಯೇ. ಅದೇ ವರ್ಷ ಬಂದ ಟೊಯೊಟಾದ ಎರಡನೆಯ ತಲೆಮಾರಿನ ಎಂಆರ್೨ ಕಾರಿನ ಎಂಜಿನು ನಡುವಿನಲ್ಲಿದೆ. ಬಲ್ಲವನಿಗೆ ಅದು ರತ್ನ. ಆದರೆ ತಿರುವಿನ ಮಧ್ಯದಲ್ಲಿ ಹೆದರಿ ಫಕ್ಕನೆ ಕಾಲು ತೆಗೆದ ಹೊಸಬನನ್ನು ಅದು ಬುಗುರಿಯಂತೆ ತಿರುಗಿಸಿಬಿಡಬಲ್ಲದು.

ಎತ್ತಿಗೆ ಸುಳಿ ಇರುವಂತೆ ಪ್ರತಿಯೊಂದು ಹಳೆಯ ಕಾರಿಗೂ ತನ್ನದೇ ಆದ ದೋಷವುಂಟು. ಮಾಜ್ದಾದ ಮೊದಲೆರಡು ವರ್ಷಗಳ ಎಂಜಿನುಗಳಲ್ಲಿ ಕ್ರ್ಯಾಂಕ್ ದಂಡದ ಮೂತಿ ಗಿಡ್ಡಾಗಿದ್ದು, ಅಲ್ಲಿನ ಪುಲ್ಲಿ ಸಡಿಲವಾಗುವ ಭಯವಿದೆ. ಬಾಗಿಲ ಕೆಳಗಿನ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ೧೯೮೨ರಿಂದ ೧೯೯೧ರವರೆಗೆ ತಯಾರಾದ ಪೋರ್ಷೆ ೯೪೪ ಸಮತೋಲದಲ್ಲಿ ಶ್ರೇಷ್ಠವಾದುದು; ಆದರೆ ಅದರ ಟೈಮಿಂಗ್ ಬೆಲ್ಟು ತುಂಡಾಯಿತೆಂದರೆ ಕವಾಟಗಳು ಪಿಸ್ಟನ್ನಿಗೆ ಬಡಿದು ಎಂಜಿನೇ ಹಾಳು. ಬಿಎಂಡಬ್ಲ್ಯು ಕಂಪನಿಯ ಇ೪೬ ತಲೆಮಾರಿನ ಕಾರುಗಳಲ್ಲಿ ಹಿಂಬದಿಯ ಚೌಕಟ್ಟು ಕೂಡುವೆಡೆಯ ತಗಡು ಬಿರುಕುಬಿಡುವುದುಂಟು. ಕೊಳ್ಳುವವನು ತನ್ನ ಆಯ್ಕೆಯ ಕಾರಿನ ಸುಳಿಯನ್ನು ಮೊದಲೇ ಅರಿತಿರಬೇಕು.

ಪರೀಕ್ಷೆಗೆ ಹೋಗುವಾಗ ಹಗಲು ಹೊತ್ತಿನಲ್ಲಿಯೇ ಹೋಗಿರಿ. ಅನುಭವಿಯಾದ ಮೆಕ್ಯಾನಿಕ್ಕನನ್ನು ಕರೆದೊಯ್ಯಿರಿ. ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಮಾರುವವನು ಮುಂಚಿತವಾಗಿ ಬಿಸಿಮಾಡಿಟ್ಟಿದ್ದರೆ ಏನನ್ನೋ ಮರೆಸುತ್ತಿರಬಹುದು. ಕಾರನ್ನು ಮೇಲೆತ್ತಿಸಿ ಅಡಿಯನ್ನು ನೋಡಬೇಕು. ನಾಲ್ಕು ಟೈರುಗಳೂ ಒಂದೇ ಬಗೆಯಾಗಿ ಸವೆದಿವೆಯೇ? ಪ್ರತಿ ಸಿಲಿಂಡರಿನ ಒತ್ತಡ ಸಮವಾಗಿದೆಯೇ? ದುರಸ್ತಿಯ ರಸೀದಿಗಳಿವೆಯೇ? ಥಳಥಳಿಸುವ ಬಣ್ಣಕ್ಕಿಂತ ಎಣ್ಣೆಜಿಡ್ಡಿನ ರಸೀದಿಗಳ ಕಟ್ಟು ಹೆಚ್ಚು ನಂಬಿಕೆಗೆ ಅರ್ಹ. ತೆರೆದ ಕಾರಾದರೆ ತಲೆಯ ಹಿಂದೆ ಭದ್ರವಾದ ಉಕ್ಕಿನ ಕಮಾನು ಇರಲೇಬೇಕು. ಕಾರು ಮಗುಚಿದಾಗ ತಲೆಯನ್ನು ಕಾಯುವುದು ಅದೊಂದೇ.

ಕೊಂಡ ಮೇಲೆ ಶಕ್ತಿ ಹೆಚ್ಚಿಸುವ ಚಪಲ ಸಹಜ. ಅದಕ್ಕೆ ಮೊದಲು ಬ್ರೇಕು ದ್ರವವನ್ನು ಬದಲಿಸಿರಿ. ಈ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ ೪’ ದರ್ಜೆಯ ಹೊಸ ದ್ರವ ಕನಿಷ್ಠ ೨೩೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ದ್ರವಕ್ಕಾದರೋ ಆ ಮಿತಿ ೧೫೫ ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ತಗಲುತ್ತದೆ, ಕಾರು ನಿಲ್ಲುವುದಿಲ್ಲ. ಕೆಲವು ನೂರು ರೂಪಾಯಿಯ ದ್ರವದ ಅಲಕ್ಷ್ಯವು ಪ್ರಾಣಕ್ಕೆ ಎರವಾಗುವ ಕ್ಷಣ ಅದು.

ನಮ್ಮ ದೇಶದಲ್ಲಿ ಮಾಜ್ದಾ ಕಾರು ಅಧಿಕೃತವಾಗಿ ಮಾರಾಟಕ್ಕೆ ಬಂದುದಿಲ್ಲ. ಹಳೆಯ ಕಾರಿನ ಆಮದಿಗೆ ವಯಸ್ಸಿನ ಮಿತಿಯೂ ಭಾರಿ ಸುಂಕವೂ ಅಡ್ಡ ನಿಲ್ಲುತ್ತವೆ. ಅದಕ್ಕಾಗಿ ನಿರಾಶರಾಗಬೇಕಿಲ್ಲ. ೧೯೯೪ರಲ್ಲಿ ಬಂದ ಮಾರುತಿ ಎಸ್ಟೀಮ್, ೧೯೯೮ರಲ್ಲಿ ಬಂದ ಮೊದಲ ಹೋಂಡಾ ಸಿಟಿ, ಇವು ಹೆಸರಿಗೆ ಕುಟುಂಬದ ಕಾರುಗಳಾದರೂ ಹಗುರವಾದವು. ನಮ್ಮ ಪಥಗಳಲ್ಲಿ ಪಂದ್ಯಗಳನ್ನು ಗೆದ್ದು ತೋರಿಸಿದವು. ಹಗುರದ ತತ್ತ್ವಕ್ಕೆ ದೇಶಭೇದವಿಲ್ಲ.

ಕಡೆಯದಾಗಿ ಹಣದ ಮಾತು. ಕೈಯಲ್ಲಿರುವುದನ್ನೆಲ್ಲ ಕಾರಿಗೇ ಸುರಿಯಬಾರದು. ಮೂರರಲ್ಲೊಂದು ಪಾಲನ್ನಾದರೂ ಟೈರು, ಬ್ರೇಕು, ಶಿರಸ್ತ್ರಾಣ ಮತ್ತು ಒಬ್ಬ ಒಳ್ಳೆಯ ಶಿಕ್ಷಕನಿಗಾಗಿ ತೆಗೆದಿರಿಸಬೇಕು. ನಮ್ಮಲ್ಲಿನ ಸಾಮಾನ್ಯ ವಿಮಾಪತ್ರವು ವ್ಯವಸ್ಥಿತ ಪಂದ್ಯ ಮತ್ತು ವೇಗಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲವೆಂಬುದನ್ನು ಅನೇಕರು ಓದಿಯೇ ಇರುವುದಿಲ್ಲ. ಪಥದ ಗೋಡೆಗೆ ಬಡಿದ ಕಾರಿನ ನಷ್ಟ ಪೂರ್ತಿಯಾಗಿ ಯಜಮಾನನದೇ ಎಂದು ತಿಳಿದು ಹೊರಡುವುದು ವಿವೇಕ. ಆದುದರಿಂದ ಸಾಲ ಮಾಡಿ ಈ ಕಾರನ್ನು ಕೊಳ್ಳಬೇಡಿ. ಅದು ಚೂರಾದರೂ ಮನೆಯ ಒಲೆ ಆರದಷ್ಟು ಬೆಲೆಯದನ್ನೇ ಕೊಳ್ಳಿರಿ.

ಊರುಬಿಟ್ಟು ಬಂದು ದುಡಿದ ತಂದೆತಾಯಿಯರು ಮಗನ ಇಂಥ ಹುಚ್ಚನ್ನು ಕಂಡು ಹೆದರುವುದು ಸಹಜ. ಅವರಿಗೆ ಒಂದೇ ಸಮಾಧಾನ: ವೇಗದ ಹಸಿವು ಪಥದಲ್ಲಿ ತೀರಿದರೆ ಹೆದ್ದಾರಿಯಲ್ಲಿ ಅದಕ್ಕೆ ತಾವಿರುವುದಿಲ್ಲ. ಹಲ್ಲೆಣಿಸಿ ಕೊಂಡ ಎತ್ತು ಹೊಲದಲ್ಲಿ ಮೋಸಮಾಡದು. ಅರಿತು ಕೊಂಡ ಕಾರೂ ಸಂಜೆಗೆ ಯಜಮಾನನನ್ನು ಮನೆಗೆ ಮರಳಿಸುತ್ತದೆ. ಎಲ್ಲ ಗೆಲುವಿಗಿಂತ ದೊಡ್ಡ ಗೆಲುವು ಅದೇ ಅಲ್ಲವೇ?