ಡಿ ಡ್ರೈವಿನಲ್ಲಿ ನಿಂತಿದ್ದ ಬಸ್ಸು

“ಏನೋ ಮಾಡ್ತಿದೀಯ ಪುಟ್ಟ?” ಎಂದು ಕೇಳಿದರೆ, “ಮಾಡ್ ಮಾಡ್ತಿದೀನಿ ಅಜ್ಜ” ಎಂದ ನನ್ನ ಮೊಮ್ಮಗ. ತಲೆಹರಟೆ ಉತ್ತರ ಅನ್ನಿಸಿ ಗದರಲು ಹೊರಟಿದ್ದೆ. ಹುಡುಗ ನಿಜವನ್ನೇ ಹೇಳಿದ್ದ ಎಂದು ಗೊತ್ತಾಗಲು ನನಗೆ ಒಂದು ವಾರ ಹಿಡಿಯಿತು.

ಮಾಡ್ ಎಂದರೆ ‘ಮಾಡಿಫಿಕೇಶನ್’ ಎಂಬುದರ ಮೊಟಕು ರೂಪ. ಕಂಪನಿ ತಯಾರಿಸಿದ ಕಂಪ್ಯೂಟರ್ ಆಟಕ್ಕೆ ಆಡುವವರೇ ಹೊಸ ವಾಹನ, ಹೊಸ ರಸ್ತೆ, ಹೊಸ ಬಣ್ಣ ಸೇರಿಸಿಕೊಂಡರೆ ಆ ಸೇರ್ಪಡೆಯ ಹೆಸರು ಮಾಡ್. ರೆಡಿಮೇಡ್ ಅಂಗಿ ತಂದು ಮನೆಯಲ್ಲಿ ಗುಂಡಿ ಬದಲಿಸಿ, ಇನ್ನೊಂದು ಜೇಬು ಹೊಲಿದುಕೊಂಡ ಹಾಗೆ. ಇದು ಇಂದು ನಿನ್ನೆಯದಲ್ಲ. 1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ ‘ಡೂಮ್’ ಎಂಬ ಆಟ ಹೊರತಂದಾಗ ಚಿತ್ರ, ಶಬ್ದ, ನಕ್ಷೆಗಳನ್ನೆಲ್ಲ ‘ವ್ಯಾಡ್’ ಎಂಬ ಪ್ರತ್ಯೇಕ ಫೈಲಿನಲ್ಲಿ ಇಟ್ಟಿತ್ತು. ಆಟದ ಯಂತ್ರಕ್ಕೆ ಕೈ ಹಚ್ಚದೆ ಆ ಫೈಲನ್ನು ಮಾತ್ರ ಬದಲಿಸಿದರೆ ಹೊಸ ಆಟವೇ ಸಿಗುತ್ತಿತ್ತು. ಲೋಕವೆಲ್ಲ ಆಡುವ ‘ಕೌಂಟರ್ ಸ್ಟ್ರೈಕ್’ ಕೂಡ 1999ರಲ್ಲಿ ‘ಹಾಫ್ ಲೈಫ್’ ಎಂಬ ಇನ್ನೊಂದು ಆಟದ ಮಾಡ್ ಆಗಿ ಹುಟ್ಟಿದ್ದು.

ನನ್ನ ಮೊಮ್ಮಗನ ಆಟ ‘ಯೂರೋ ಟ್ರಕ್ ಸಿಮ್ಯುಲೇಟರ್ 2’. ಝೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ಹೊರತಂದದ್ದು. ಹೊಡೆದಾಟ ಬಡಿದಾಟ ಇಲ್ಲ. ಯುರೋಪಿನ ರಸ್ತೆಗಳಲ್ಲಿ ಊರಿಂದ ಊರಿಗೆ ಸರಕು ಸಾಗಿಸಬೇಕು, ಬ್ಯಾಂಕಿನಲ್ಲಿ ಸಾಲ ತೆಗೆದು ಲಾರಿ ಕೊಳ್ಳಬಹುದು, ಸಾಲಕ್ಕೆ ಕಂತು ಕಟ್ಟಬೇಕು. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ನನಗೆ ಇದು ಸಭ್ಯ ಆಟವಾಗಿಯೇ ಕಂಡಿತು.

ಆ ಆಟಕ್ಕೆ ಅವನು ಒಂದು ಬಸ್ಸು ಮಾಡಿದ. ಕೊಪ್ಪದ ‘ಸಹಕಾರ ಸಾರಿಗೆ’ಯ ಬಸ್ಸು. ಮಲೆನಾಡಿನವರಿಗೆ ಅದರ ಪರಿಚಯ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, 1991ರಲ್ಲಿ ಕಾರ್ಮಿಕರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡು ನಡೆಸಿದ ಬಸ್ ಸಂಸ್ಥೆ ಅದು. 2020ರಲ್ಲಿ ಬಸ್ಸುಗಳು ನಿಂತವು. ನಾನು ಕೊಪ್ಪದಲ್ಲಿ ಕೆಲಸದಲ್ಲಿದ್ದಾಗ ಮಳೆಗಾಲದಲ್ಲಿ ಟಾರ್ಪಾಲಿನ ವಾಸನೆಯ ನಡುವೆ ಅದರಲ್ಲೇ ಓಡಾಡಿದವನು. ಹುಡುಗ ಆ ಬಸ್ಸನ್ನು ಹತ್ತಿದವನಲ್ಲ. ನನ್ನ ಬಾಯಿಂದ ಕೇಳಿದ್ದು ಅಷ್ಟೇ.

ಬೇಸಿಗೆ ರಜೆಯಲ್ಲಿ ಎರಡು ವಾರ ಕೂತ. ಬಸ್ಸಿನ ಅಚ್ಚನ್ನು ಬೇರೆ ಯಾರೋ ಉತ್ಸಾಹಿಗಳು ಮಾಡಿ ಹಂಚಿದ್ದರು. ಅದರ ಮೈಯನ್ನು ಬಿಡಿಸಿ ಚಪ್ಪಟೆ ಹಾಸಿದಂಥ ಒಂದು ಚಿತ್ರವಿರುತ್ತದೆ. ಅದರ ಮೇಲೆ ಇವನು ಬಣ್ಣ ಬಳಿಯಬೇಕು, ಅಕ್ಷರ ಬರೆಯಬೇಕು. ಎಲ್ಲ ಮುಗಿದ ಮೇಲೆ ಜಿಪ್ ಕಟ್ಟಿನ ಹಾಗೆ ಒಂದೇ ಗಂಟು ಕಟ್ಟಿ, ಅದರ ಬಾಲದಲ್ಲಿ ‘ಎಸ್‌ಸಿಎಸ್’ ಎಂಬ ಮೂರಕ್ಷರ ಇಟ್ಟರೆ ಆಟ ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. “ಬೋರ್ಡು ಎಲ್ಲಿತ್ತು ಅಜ್ಜ? ಗಾಜಿನ ಮೇಲಾ, ಕೆಳಗಾ?” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ಕೊನೆಗೆ ‘ಕೊಪ್ಪ – ತೀರ್ಥಹಳ್ಳಿ – ಶಿವಮೊಗ್ಗ’ ಎಂಬ ಬೋರ್ಡು ಹೊತ್ತ ಬಸ್ಸು ಜರ್ಮನಿಯ ಹೆದ್ದಾರಿಯಲ್ಲಿ ಓಡಿತು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಬಂದು ನೋಡಿದಳು. “ಕಂಡಕ್ಟರ್ ಎಲ್ಲಿ?” ಎಂದು ಕೇಳಿದಳು.

ಆ ಬಸ್ಸನ್ನು ಅಳಿಸಿ ಹಾಕಿದವನು ನಾನೇ.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಉಗ್ರಾಣಗಳಿವೆ. ಸಿ ಎಂಬುದು 256 ಜಿಬಿಯ ಎಸ್‌ಎಸ್‌ಡಿ, ಚಿಕ್ಕದು, ಚುರುಕು. ಡಿ ಎಂಬುದು ಒಂದು ಟೆರಾಬೈಟಿನ ಹಾರ್ಡ್ ಡಿಸ್ಕ್, ದೊಡ್ಡದು, ನಿಧಾನ. (256 ಎಂದು ಕೊಂಡ ಡ್ರೈವಿನಲ್ಲಿ ಕಂಪ್ಯೂಟರ್ 238 ಮಾತ್ರ ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದ ಎಂದು ನಾನು ಜಗಳಕ್ಕೆ ಹೊರಟಿದ್ದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.) ಆಟವನ್ನು ಡಿ ಡ್ರೈವಿನಲ್ಲಿ ಹಾಕಿದ್ದೆವು. ಆದರೆ ಈ ಆಟದ ಒಂದು ಚಾಳಿ ಏನೆಂದರೆ, ಆಟ ಎಲ್ಲೇ ಇರಲಿ, ನಾವು ಕೈಯಾರೆ ಹಾಕುವ ಮಾಡ್‌ಗಳನ್ನು ಅದು ‘ಡಾಕ್ಯುಮೆಂಟ್ಸ್’ ಒಳಗಿನ ತನ್ನ ಹೆಸರಿನ ಫೋಲ್ಡರಿನಲ್ಲಿ, ‘ಮಾಡ್’ ಎಂಬ ಕೋಣೆಯಲ್ಲೇ ಹುಡುಕುತ್ತದೆ. ಡಾಕ್ಯುಮೆಂಟ್ಸ್ ಸಾಮಾನ್ಯವಾಗಿ ಇರುವುದು ಸಿ ಡ್ರೈವಿನಲ್ಲಿ. ಇನ್ನು ‘ಸ್ಟೀಮ್ ವರ್ಕ್‌ಶಾಪ್’ ಮೂಲಕ ಇಳಿಸಿಕೊಂಡ ಮಾಡ್‌ಗಳು ಆಟದ ಜೊತೆಗೇ ಡಿ ಡ್ರೈವಿನಲ್ಲಿ 227300 ಎಂಬ ಸಂಖ್ಯೆಯ ಫೋಲ್ಡರಿಗೆ ಹೋಗಿ ಕೂರುತ್ತವೆ. ಆ ಸಂಖ್ಯೆ ಸ್ಟೀಮ್‌ನಲ್ಲಿ ಈ ಆಟದ ಖಾತೆ ನಂಬರ್ ಇದ್ದ ಹಾಗೆ. ಹೀಗೆ ಒಂದೇ ಆಟದ ಸಾಮಾನು ಎರಡು ಕಡೆ.

ನಕ್ಷೆಯ ಮಾಡ್‌ಗಳು ಒಂದೊಂದೂ ಹಲವು ಜಿಬಿ ತೂಗುತ್ತವೆ. ಸಿ ಡ್ರೈವ್ ತುಂಬಿ ಕೆಂಪು ಗೀಟು ಬಂತು, ಕಂಪ್ಯೂಟರ್ ತೆವಳಲು ಶುರುಮಾಡಿತು. ಹುಡುಗ ಮಾಡ್ ಕೋಣೆಯ ಸಾಮಾನನ್ನೆಲ್ಲ ಡಿ ಡ್ರೈವಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಒಂದು ‘ಜಂಕ್ಷನ್’ ಕೊಂಡಿ ಹಾಕಿದ. ನನಗೆ ಹೇಳಲಿಲ್ಲ. ಹೇಳಿದ್ದರೂ ನಾನು ಕಿವಿಗೊಡುತ್ತಿದ್ದೆನೋ ಇಲ್ಲವೋ.

ನಾನು ಆಗ ಮನೆಯ ಹಳೇ ಆಲ್ಬಂಗಳ ಸ್ಕ್ಯಾನ್ ಪ್ರತಿಗಳನ್ನು ತುಂಬಿಡಲು ಡಿ ಡ್ರೈವಿನಲ್ಲಿ ಜಾಗ ಹುಡುಕುತ್ತಿದ್ದೆ. ಎರಡು ಕಿಟಕಿ ತೆರೆದು ನೋಡುತ್ತೇನೆ: ಸಿ ಡ್ರೈವಿನಲ್ಲೂ ಅವೇ 41 ಫೈಲು, ಡಿ ಡ್ರೈವಿನಲ್ಲೂ ಅವೇ 41 ಫೈಲು. ಅದೇ ಹೆಸರು, ಅದೇ ತಾರೀಖು, ಅದೇ ತೂಕ. ಒಂದೇ ಚಲನ್ ಎರಡು ಸಲ ಪೋಸ್ಟ್ ಆಗಿದೆ ಎಂದೇ ತೀರ್ಮಾನಿಸಿದೆ. ಗುಮಾಸ್ತನಿಗೆ ಅಂಥದ್ದು ಕಂಡರೆ ಕೈ ತುರಿಸುತ್ತದೆ. ಡಿ ಡ್ರೈವಿನದನ್ನು ಆರಿಸಿ, ಕಸದ ಬುಟ್ಟಿಗೂ ಹೋಗಬಾರದೆಂದು ಶಿಫ್ಟ್ ಒತ್ತಿ ಡಿಲೀಟ್ ಒತ್ತಿದೆ. ಅದೇ ರಾತ್ರಿ ಆಲ್ಬಂ ಚಿತ್ರಗಳನ್ನೆಲ್ಲ ಅಲ್ಲಿಗೆ ಸುರಿದೆ. ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಹುಡುಗ ಬಂದು “ಅಜ್ಜಾ, ಡಿ ಡ್ರೈವ್ ಮುಟ್ಟಿದ್ರಾ?” ಎಂದು ಕೇಳಿದ. ಸಿ ಡ್ರೈವಿನ ಕೋಣೆಯೂ ಖಾಲಿಯಾಗಿತ್ತು.

ಕೊಂಡಿ ಎಂದರೇನು ಎಂದು ಅವನು ಆಗ ವಿವರಿಸಿದ. ನನಗೆ ಅರ್ಥವಾದದ್ದು ನನ್ನ ಕಸುಬಿನ ಭಾಷೆಯಲ್ಲಿ. ಒಂದು ಖಾತೆಯನ್ನು ಬೇರೆ ಶಾಖೆಗೆ ವರ್ಗ ಮಾಡಿದಾಗ ನಮ್ಮ ಲೆಡ್ಜರಿನ ಪುಟದಲ್ಲಿ ‘ಇಂಥ ಶಾಖೆಗೆ ವರ್ಗವಾಗಿದೆ’ ಎಂದು ಬರೆಯುತ್ತಿದ್ದೆವು. ಪುಟ ಇಲ್ಲೇ ಇರುತ್ತದೆ, ದುಡ್ಡು ಇರುವುದು ಅಲ್ಲಿ. ಜಂಕ್ಷನ್ ಅಂಥ ಒಂದು ಷರಾ. ಆಟ ಸಿ ಡ್ರೈವಿನ ಕೌಂಟರಿಗೆ ಬಂದು ಕೇಳುತ್ತದೆ, ವಿಂಡೋಸ್ ಷರಾ ಓದಿ ಡಿ ಡ್ರೈವಿನಿಂದ ತಂದುಕೊಡುತ್ತದೆ, ಆಟಕ್ಕೆ ವಿಷಯವೇ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದೇ ಅದರ ಗುಣ. ನನಗೂ ಗೊತ್ತಾಗಲಿಲ್ಲ. ನಾನು ಎರಡು ಪ್ರತಿ ಎಂದುಕೊಂಡದ್ದು ಒಂದು ಪ್ರತಿ ಮತ್ತು ಒಂದು ಷರಾ.

ಗುರುತು ಇರಲಿಲ್ಲವೇ ಎಂದರೆ ಇತ್ತು. ಕೊಂಡಿಯ ಫೋಲ್ಡರಿನ ಮೂಲೆಯಲ್ಲಿ ಸಣ್ಣ ಬಾಣ ಇರುತ್ತದೆ. ನಾನು ನೋಡಲಿಲ್ಲ. ಲೆಕ್ಕವನ್ನೂ ಕೂಡಲಿಲ್ಲ: ಕೋಣೆಯ ಸಾಮಾನು ಸುಮಾರು 60 ಜಿಬಿ. ಅಷ್ಟು ನಿಜವಾಗಿಯೂ ಸಿ ಡ್ರೈವಿನಲ್ಲೇ ಇದ್ದಿದ್ದರೆ ಅಲ್ಲಿ ಇದ್ದಕ್ಕಿದ್ದಂತೆ ಖಾಲಿ ಜಾಗ ಹೆಚ್ಚಾದದ್ದು ಹೇಗೆ? ದಿನದ ಕೊನೆಗೆ ಕ್ಯಾಷ್ ಟ್ಯಾಲಿ ಆಗದೆ ಮನೆಗೆ ಹೋಗದಿದ್ದವನು ಇಲ್ಲಿ ಟ್ಯಾಲಿ ಮಾಡದೆಯೇ ಗೀಟು ಹೊಡೆದುಬಿಟ್ಟಿದ್ದೆ.

ಇನ್ನೊಂದು ಬಗೆಯ ಕೊಂಡಿಯೂ ಇದೆ, ‘ಹಾರ್ಡ್ ಲಿಂಕ್’. ಅದು ಜಂಟಿ ಖಾತೆಯಂತೆ. ಒಂದೇ ಫೈಲಿಗೆ ಎರಡು ಹೆಸರು. ಒಂದು ಹೆಸರು ಹೊಡೆದು ಹಾಕಿದರೂ ಇನ್ನೊಂದು ಹೆಸರು ಇರುವ ತನಕ ಫೈಲು ಉಳಿಯುತ್ತದೆ. ಹಾಗಾದರೆ ಅದನ್ನೇ ಹಾಕಬಹುದಿತ್ತಲ್ಲ ಎಂದೆ. ಆಗುವುದಿಲ್ಲವಂತೆ. ಪ್ರತಿ ಡ್ರೈವಿಗೂ ತನ್ನದೇ ಸೂಚಿ ಪುಸ್ತಕ ಇರುತ್ತದೆ; ಜಂಟಿ ಹೆಸರು ಎರಡೂ ಒಂದೇ ಪುಸ್ತಕದಲ್ಲಿ ಇರಬೇಕು. ಸಿ ಶಾಖೆಯ ಪುಸ್ತಕದಲ್ಲಿ ಒಂದು, ಡಿ ಶಾಖೆಯದರಲ್ಲಿ ಒಂದು ನಡೆಯದು. ‘ಸ್ಕೈರಿಮ್’ ಎಂಬ ಆಟಕ್ಕೆ ಮಾಡ್ ಜೋಡಿಸುವ ‘ವೋರ್ಟೆಕ್ಸ್’ ಎಂಬ ತಂತ್ರಾಂಶ ಈ ಹಾರ್ಡ್ ಲಿಂಕ್ ವಿಧಾನ ಬಳಸುವಾಗ, ಮಾಡ್‌ಗಳ ಗೋದಾಮು ಆಟ ಇರುವ ಡ್ರೈವಿನಲ್ಲೇ ಇರಬೇಕೆಂದು ಹಟ ಹಿಡಿಯುವುದು ಇದೇ ಕಾರಣಕ್ಕೆ. ‘ಮಾಡ್ ಆರ್ಗನೈಸರ್’ ಎಂಬ ಇನ್ನೊಂದು ತಂತ್ರಾಂಶಕ್ಕೆ ಆ ಹಟ ಇಲ್ಲ; ಅದು ಆಟ ಓಡುವಷ್ಟು ಹೊತ್ತು ಮಾತ್ರ, ಎಲ್ಲ ಸಾಮಾನು ಒಂದೇ ಕಡೆ ಇದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಅಳಿಸಿದ್ದನ್ನು ಮರಳಿ ಪಡೆಯಲು ನೋಡಿದೆವು. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಎಂದರೆ ಮೊದಲಿಗೆ ಸೂಚಿಯ ಸಾಲು ಮಾತ್ರ ಹೋಗುತ್ತದೆ, ಪುಟ ಹಾಗೇ ಇರುತ್ತದೆ. ಅದರ ಮೇಲೆ ಬೇರೆ ಬರೆಯುವ ತನಕ ಹೆಕ್ಕಿ ತೆಗೆಯಲು ಅವಕಾಶ ಉಂಟು. ಆದ್ದರಿಂದ ತಪ್ಪಾಯಿತು ಎಂದು ಗೊತ್ತಾದ ಕ್ಷಣ ಆ ಡ್ರೈವಿಗೆ ಏನನ್ನೂ ಹಾಕಬಾರದು. (ಎಸ್‌ಎಸ್‌ಡಿಯಲ್ಲಿ ಈ ಅವಕಾಶ ತೀರ ಕಡಿಮೆ, ಅಳಿಸಿದ ಜಾಗವನ್ನು ಅದು ಬೇಗನೆ ಗುಡಿಸಿಬಿಡುತ್ತದೆ.) ನಾನೋ, ಇಡೀ ರಾತ್ರಿ ಅದರ ಮೇಲೆ ಚಿತ್ರ ಸುರಿದಿದ್ದೆ. ಕೆಲವು ಹೆಸರು ಸಿಕ್ಕವು, ಒಳಗೆ ಹುರುಳಿರಲಿಲ್ಲ. ನನ್ನ ಮದುವೆಯ ಫೋಟೋಗಳು ಅವನ ಬಸ್ಸಿನ ಮೇಲೆ ಕೂತಿದ್ದವು.

“ಇರಲಿ ಬಿಡಿ ಅಜ್ಜ” ಎಂದ. ಮೂರು ದಿನ ಕಂಪ್ಯೂಟರ್ ಹಾಕಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾಲ್ಕನೇ ದಿನ ನಾನೇ ಕೂರಿಸಿದೆ. ಅವನು ಓಡಿಸಿದ ಕಿಲೋಮೀಟರು, ಸೇರಿಸಿದ ದುಡ್ಡು ಭದ್ರವಾಗಿತ್ತು, ಏಕೆಂದರೆ ಆ ಪ್ರೊಫೈಲ್ ಮಾಡ್ ಕೋಣೆಯ ಹೊರಗೆ ಬೇರೆ ಫೋಲ್ಡರಿನಲ್ಲಿತ್ತು. ಪ್ರೊಫೈಲ್ ತೆರೆದಾಗ ಯಾವ ಯಾವ ಮಾಡ್ ಕಾಣೆಯಾಗಿವೆ ಎಂದು ಆಟವೇ ಹೆಸರು ಹೇಳಿತು. ಅದನ್ನು ನಾನು ಕಾಗದದ ಮೇಲೆ ಬರೆದುಕೊಂಡೆ. 40 ಹೆಸರು ಮತ್ತೆ ಇಳಿಸಿಕೊಳ್ಳಬಹುದಾದಂಥವು. ಲೋಕದಲ್ಲಿ ಎಲ್ಲೂ ಸಿಗದ್ದು ಒಂದೇ, ಅವನ ಬಸ್ಸು. ಅದರ ತೂಕ 60 ಜಿಬಿಯಲ್ಲಿ ಲೆಕ್ಕಕ್ಕೇ ಬಾರದಷ್ಟು. ಹಳೇ ಪೆನ್ ಡ್ರೈವಿನ ಮೂಲೆಯಲ್ಲೂ ಹಿಡಿಸುತ್ತಿತ್ತು. ದೊಡ್ಡದನ್ನು ಕಾಪಾಡಲು ಇಬ್ಬರೂ ಒದ್ದಾಡಿದ್ದೆವು, ಈ ಚಿಕ್ಕದಕ್ಕೆ ನಕಲು ತೆಗೆಯಲು ಇಬ್ಬರಿಗೂ ಹೊಳೆದಿರಲಿಲ್ಲ.

ಈಗ ಕೊಂಡಿಯನ್ನು ಮತ್ತೆ ಹಾಕಿದ್ದೇವೆ, ಈ ಸಲ ನನ್ನೆದುರಿಗೇ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಎಂ-ಕೆ-ಎಲ್-ಐ-ಎನ್-ಕೆ ಎಂಬ ಆರಕ್ಷರ, ಓರೆ ಗೀಟು, ಜೆ ಅಕ್ಷರ. ಆಮೇಲೆ ಕೊಂಡಿ ಇರಬೇಕಾದ ಜಾಗ, ಅದರ ನಂತರ ಅಸಲು ಇರುವ ಜಾಗ. ಹೆಸರಿನ ನಡುವೆ ತೆರಪಿದ್ದರೆ ಉದ್ಧರಣ ಚಿಹ್ನೆ ಹಾಕಬೇಕು. ಕೊಂಡಿಯ ಜಾಗದಲ್ಲಿ ಅದೇ ಹೆಸರಿನ ಹಳೇ ಫೋಲ್ಡರ್ ಉಳಿದಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಮೊದಲು ಅದನ್ನು ಸರಿಸಬೇಕು. ಕೊಂಡಿ ಬೇಡವಾದರೆ ಹೊರಗಿನಿಂದ ಕೊಂಡಿಯನ್ನಷ್ಟೇ ಅಳಿಸಬಹುದು, ಅಸಲಿಗೆ ಏನೂ ಆಗದು. ಆದರೆ ಕೊಂಡಿಯನ್ನು ತೆರೆದು ಒಳಗಿನ ಫೈಲನ್ನು ಅಳಿಸಿದರೆ ಹೋಗುವುದು ಅಸಲೇ. ಡಿ ಡ್ರೈವಿನ ಫೋಲ್ಡರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಸಲು’ ಎಂದೇ ಹೆಸರಿಟ್ಟಿದ್ದೇವೆ. ಕನ್ನಡದಲ್ಲೇ ಬರೆಯೋಣ ಎಂದೆ. ಕೆಲವು ಆಟಗಳು ಬೇರೆ ಲಿಪಿ ಕಂಡರೆ ಮುಗ್ಗರಿಸುತ್ತವೆ ಎಂದ.

ನಕಲುಗಳಿಗೆ ಹೊರಗಿನ ಹಾರ್ಡ್ ಡಿಸ್ಕ್ ಒಂದಿದೆ. ಅದು ಒಂದು ದಿನ ಇ ಎಂದು, ಬೇರೆ ಪೆನ್ ಡ್ರೈವ್ ಮೊದಲೇ ಚುಚ್ಚಿದ್ದರೆ ಎಫ್ ಎಂದು ಹೆಸರು ಬದಲಿಸುತ್ತಿತ್ತು. ವಿಳಾಸ ಬದಲಾದರೆ ಅದನ್ನು ತೋರಿಸುವ ಕೊಂಡಿ ಗಾಳಿಗೆ ಬಾಗಿಲು ತೆರೆದಂತೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅದಕ್ಕೆ ಎಕ್ಸ್ ಎಂದು ಕಾಯಂ ಅಕ್ಷರ ಕೊಟ್ಟೆವು. ಆಡುವ ಮಾಡ್‌ಗಳನ್ನು ಮಾತ್ರ ಅದರಲ್ಲಿ ಇಟ್ಟಿಲ್ಲ. ಯಾರೋ ವೈರ್ ಎಳೆದರೆ ಆಟದ ನಡುವೆಯೇ ಬಸ್ಸು ಮಾಯವಾದೀತು.

ಇದೆಲ್ಲ ಬರೆದಿಡಲು ಉದ್ದನೆಯ ರಿಜಿಸ್ಟರ್ ಒಂದನ್ನು ಗೀಟು ಹಾಕಿ ಕೊಟ್ಟಿದ್ದೇನೆ. ಮಾಡ್‌ನ ಹೆಸರು, ಆಟದ ಎಷ್ಟನೇ ಆವೃತ್ತಿಗೆ ಹೊಂದುತ್ತದೆ, ಎಲ್ಲಿಂದ ಬಂತು, ಅಸಲು ಯಾವ ಡ್ರೈವಿನಲ್ಲಿ, ನಕಲು ಎಲ್ಲಿ. ಆವೃತ್ತಿಯ ಕಾಲಂ ಅವನು ಹೇಳಿ ಹಾಕಿಸಿದ್ದು. ಆಟ ಹೊಸದಾದಾಗ ಹಳೇ ಮಾಡ್ ಕೆಲವು ಕೆಲಸ ನಿಲ್ಲಿಸುತ್ತವಂತೆ. “ಕಂಪ್ಯೂಟರಿನಲ್ಲೇ ಬರೆಯಬಹುದಲ್ಲ ಅಜ್ಜ” ಎಂದ. ಕಂಪ್ಯೂಟರಿನ ಲೆಕ್ಕ ಕಂಪ್ಯೂಟರಿನ ಹೊರಗೇ ಇರಲಿ ಎಂದೆ.

ಕಳೆದ ಭಾನುವಾರ ಅವನ ಸಹಪಾಠಿ ಒಬ್ಬ ಪೆನ್ ಡ್ರೈವ್ ಹಿಡಿದು ಬಂದ. ಬಸ್ಸು ಮಾಡಿದ ಮೊದಲ ವಾರದಲ್ಲಿ ಇವನೇ ಕೊಟ್ಟು ಮರೆತಿದ್ದ ಪ್ರತಿ. ಬಣ್ಣ ಅರೆಬರೆ, ಹಿಂದಿನ ಗಾಜು ಖಾಲಿ, ಬೋರ್ಡಿನಲ್ಲಿ ‘ತೀರ್ಥಹಳಿ’ ಎಂದಿದೆ. ಬಸ್ಸು ಹೊರಟಿತು. ತಿದ್ದೋಣವೇ ಎಂದು ಕೇಳಿದೆ. “ಇದು ಹೀಗೇ ಇರಲಿ, ಹೊಸದನ್ನು ಬೇರೆ ಹೆಸರಲ್ಲಿ ಮಾಡ್ತೀನಿ” ಎಂದು ಪ್ರತಿ ತೆಗೆಯಲು ಕೂತ. ಒಂದು ಡಿ ಡ್ರೈವಿನಲ್ಲಿ, ಒಂದು ಎಕ್ಸ್‌ನಲ್ಲಿ, ಇನ್ನೊಂದು ಗೆಳೆಯನ ಪೆನ್ ಡ್ರೈವಿನಲ್ಲೇ ಉಳಿಯಿತು. ನಾನು ರಿಜಿಸ್ಟರಿನ 41ನೇ ಸಾಲಿನಲ್ಲಿ ಬರೆದೆ: ಸಹಕಾರ ಸಾರಿಗೆ, ಹಳೆಯದು, ಪ್ರತಿ ಮೂರು, ಬೋರ್ಡಿನಲ್ಲಿ ಒಂದು ಒತ್ತು ಬಿಟ್ಟಿದೆ, ಹಾಗೇ ಇರಿಸಿದೆ.