ಹಾಜರಿ ಪುಸ್ತಕವೂ ಟೆನಿಸ್ ಅಂಗಳವೂ

ವಿದ್ಯೆಯೂ ಆಟವೂ ಮನುಷ್ಯನಿಂದ ಬೇಡುವುದು ಒಂದೇ ವಯಸ್ಸನ್ನು. ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ಆ ನಾಲ್ಕು ವರ್ಷಗಳನ್ನು ಕಾಲೇಜು ಕೇಳುತ್ತದೆ, ಟೆನಿಸ್ ಅಂಗಳವೂ ಕೇಳುತ್ತದೆ. ಹೆಣ್ಣುಮಕ್ಕಳ ಪಾಲಿಗಂತೂ ಮನೆಯೂ ಕೇಳುತ್ತದೆ.

ವೃತ್ತಿಪರ ಟೆನಿಸ್ಸಿನ ಕಟ್ಟಳೆ ಕಠಿಣವಾದುದು. ದೇಶದೇಶಗಳನ್ನು ಸುತ್ತಿ ಪಂದ್ಯಗಳಲ್ಲಿ ಗಳಿಸಿದ ಅಂಕಗಳಿಂದಲೇ ಆಟಗಾರ್ತಿಯ ಶ್ರೇಯಾಂಕ ನಿರ್ಣಯವಾಗುತ್ತದೆ. ಆ ಅಂಕಗಳ ಆಯುಷ್ಯವಾದರೋ 52 ವಾರ ಮಾತ್ರ. ಪರೀಕ್ಷೆಗೆಂದು ಕೆಲವು ತಿಂಗಳು ಕುಳಿತರೆ ಗಳಿಸಿದ್ದು ಕರಗತೊಡಗುತ್ತದೆ. ಅತ್ತ ಹೋದರೆ, ನಮ್ಮ ಕಾಲೇಜುಗಳು ಸಾಮಾನ್ಯವಾಗಿ ವಿಧಿಸುವ ನೂರಕ್ಕೆ 75ರ ಹಾಜರಿ ಕೈತಪ್ಪುತ್ತದೆ.

ಎರಡನ್ನೂ ಸಾಧಿಸಿದವರು ಇಲ್ಲದಿಲ್ಲ. ಮಹಾರಾಷ್ಟ್ರದ ಋತುಜಾ ಭೋಸಲೆ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಅದರ ತಂಡಕ್ಕೆ ಆಡಿದರು. ಮುಂದೆ ವೃತ್ತಿ ಆಟಗಾರ್ತಿಯಾಗಿ, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮಿಶ್ರ ಡಬಲ್ಸ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣನವರೊಡನೆ, ಅಂತಿಮ ಪಂದ್ಯದ ಮೊದಲ ಸೆಟ್ಟನ್ನು 2-6ರಿಂದ ಸೋತೂ ಚಿನ್ನ ಗೆದ್ದರು. ವರ್ಜೀನಿಯಾ ವಿಶ್ವವಿದ್ಯಾಲಯದ ಡ್ಯಾನಿಯೆಲ್ ಕಾಲಿನ್ಸ್ 2014 ಮತ್ತು 2016ರಲ್ಲಿ ಅಲ್ಲಿನ ಅಂತರಕಾಲೇಜು ಸಿಂಗಲ್ಸ್ ಗೆದ್ದು, 2022ರಲ್ಲಿ ಆಸ್ಟ್ರೇಲಿಯನ್ ಓಪನ್ನಿನ ಅಂತಿಮ ಸುತ್ತಿಗೇರಿದರು. ಅಂಗಳ, ತರಬೇತಿ, ವಿದ್ಯಾರ್ಥಿವೇತನ, ಪಾಠ ಎಲ್ಲವೂ ಒಂದೇ ಆವರಣದಲ್ಲಿ ದೊರೆತದ್ದು ಇದಕ್ಕೆ ನೆರವಾಯಿತು. ಆದರೆ ಅಲ್ಲಿಯೂ ಮುಳ್ಳಿಲ್ಲದಿಲ್ಲ. ಗೆದ್ದ ಬಹುಮಾನದ ಹಣಕ್ಕೆ ಹಾಕಿದ ಕಟ್ಟುಪಾಡನ್ನು ಪ್ರಶ್ನಿಸಿ, ರೀಸ್ ಬ್ರಾಂಟ್‌ಮೈಯರ್ ಎಂಬ ವಿದ್ಯಾರ್ಥಿನಿ 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಇದೆಲ್ಲ ದೂರದ ಮಾತೆಂದು ಆಳಂದ, ಅಫಜಲಪುರ, ಜೇವರ್ಗಿಗಳ ನಾವು ಸುಮ್ಮನಾಗಬಹುದೇ? ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಪ್ರಾರ್ಥನಾ ಥೋಂಬರೆ 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸಾನಿಯಾ ಮಿರ್ಜಾರ ಜೊತೆಗೂಡಿ ಕಂಚು ಗೆದ್ದು, 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿಯೂ ಆಡಿದರು. ಪ್ರತಿಭೆ ಮಹಾನಗರದ ವಿಳಾಸವನ್ನೇ ಹುಡುಕಿ ಬರುವುದಿಲ್ಲ. 2023ರಲ್ಲಿ ನಮ್ಮ ಕಲಬುರಗಿಯಲ್ಲಿಯೇ ಪುರುಷರ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿ ನಡೆಯಿತು. ಪ್ರಶಸ್ತಿ ರಾಮ್‌ಕುಮಾರ್ ರಾಮನಾಥನ್‌ರ ಪಾಲಾಯಿತು. ಅಂಥ ಆಟವನ್ನು ಕಣ್ಣಾರೆ ಕಂಡ ಹುಡುಗಿಯೊಬ್ಬಳಿಗೆ ತಾನೂ ಆಡಬೇಕೆನ್ನಿಸಿದರೆ, ಅವಳ ಮುಂದೆ ನಾವು ಇಡುವುದೇನು? ಪುಸ್ತಕವೋ ಬ್ಯಾಟೋ ಎಂಬ ಆಯ್ಕೆಯನ್ನಷ್ಟೇ.

ಇದು ನ್ಯಾಯವಲ್ಲ. ಆಟಗಾರ್ತಿಯ ಜೀವನ ಒಂದು ಮೊಣಕಾಲಿನ ನೋವಿಗೆ ಮುಗಿಯಬಹುದು. ಆಗ ಕೈಹಿಡಿಯುವುದು ಪದವಿ. ಪದವಿಯನ್ನು ತಡವಾಗಿಯಾದರೂ ಪಡೆಯಬಹುದು. ಇಪ್ಪತ್ತರ ಕಾಲು ಮತ್ತೆ ಬಾರದು. ಆದುದರಿಂದ ಪಂದ್ಯದ ದಿನಗಳನ್ನು ಹಾಜರಿಯೆಂದೇ ಎಣಿಸುವ, ತಪ್ಪಿದ ಪರೀಕ್ಷೆಯನ್ನು ಬೇರೊಂದು ದಿನ ನಡೆಸುವ ಔದಾರ್ಯ ಬೇಕು. ಹೆಸರು ಕೂಗಿದಾಗ ಉತ್ತರ ಬಾರದಿದ್ದರೆ, ಆ ಮಗು ಎಲ್ಲಿದೆಯೆಂದು ಒಮ್ಮೆ ವಿಚಾರಿಸಿ ಅನಂತರ ಗೈರುಹಾಜರಿಯ ಗುರುತು ಹಾಕುವುದು ಅಧ್ಯಾಪಕರಾದ ನಮ್ಮಿಂದ ಆಗದ ಕೆಲಸವೇನಲ್ಲ.